ಮೂರನೇ ಕೂಗು

ಅಪ್ಪನ ಗಂಟಲಿಗೆ ಸರ್ಕಾರ ಸಂಬಳ ಕೊಡುತ್ತಿತ್ತು.
ಮೇಯೋ ಹಾಲಿನ ಕೋರ್ಟಿನ ಬಾಗಿಲಲ್ಲಿ
ಬಿಳಿ ಅಂಗಿ, ಎದೆಗಡ್ಡ ಕೆಂಪು ಪಟ್ಟಿ, ಹಿತ್ತಾಳೆಯ ಬಿಲ್ಲೆ,
ದಲಾಯತ ಇನ್ನಾಸಪ್ಪ.

ಒಂದು ಹೆಸರಿಗೆ ಮೂರು ಕೂಗು.
ಮೊದಲನೆಯದು ಒಳಗಿನ ಬೆಂಚುಗಳಿಗೆ,
ಎರಡನೆಯದು ವರಾಂಡಕ್ಕೆ.
ಮೂರನೆಯದಕ್ಕೆ ಮಾತ್ರ ಮೆಟ್ಟಿಲಿಳಿದು ಹೋಗುತ್ತಿದ್ದ
ಹೊಂಗೆ ನೆರಳಿನ ಟೈಪಿಸ್ಟರ ತನಕ, ಚಹದ ಗಾಡಿಯ ತನಕ,
ಕೆಲವೊಮ್ಮೆ ಗೇಟಿನಾಚೆ, ಬಸ್ಸುಗಳ ಸದ್ದಿನೊಳಕ್ಕೆ.
ಮೊಣಕಾಲು ನೋವಿನವನಿಗೆ ಯಾಕಿಷ್ಟು ದೂರ ಅಂತ
ಬೆಂಚ್ ಕ್ಲರ್ಕು ನಗುತ್ತಿದ್ದರು.
ಅವನು ತಿರುಗಿ ಬರುವವರೆಗೆ
ಸಾಹೇಬರ ಪೆನ್ನು ಕಾಯಲೇಬೇಕಿತ್ತು.
ಆಮೇಲೆ ಎರಡು ಪದ:
ಕೂಗಿಸಲಾಯಿತು. ಗೈರುಹಾಜರು.

ಜ್ಞಾನೋಪದೇಶದ ತರಗತಿಯಲ್ಲಿ ಸಿಸ್ಟರ್
ಬೋರ್ಡಿನ ನಟ್ಟನಡುವೆ ಗೆರೆ ಎಳೆದರು.
ಕಡೇ ದಿನ ತುತ್ತೂರಿ. ಬಲಕ್ಕೆ ಕುರಿ, ಎಡಕ್ಕೆ ಮೇಕೆ.
ಮನೆಗೆ ಬಂದು ಕೇಳಿದೆ, ಅಲ್ಲಿ ಹೆಸರು ಕೂಗೋರು ಯಾರಪ್ಪ?
ರಸೆಲ್ ಮಾರ್ಕೆಟ್ಟಿನ ಪೊಟ್ಟಣ ಬಿಚ್ಚುತ್ತಿದ್ದವನು
ಒಂದು ತುಂಡು ಎತ್ತಿ ಹಿಡಿದ:
'ಇದು ಕುರೀದೋ ಮೇಕೇದೋ, ಹೇಳು ನೋಡೋಣ.'
ಒಲೆ ಹತ್ತಿರದಿಂದ ಅಮ್ಮ ಗದರಿದಳು,
'ಮಗೂಗೆ ಪಾಪ ಕಲಿಸಬೇಡಿ.'

ಬದ್ರುನ್ನೀಸಾ ಬಂದ ದಿನ ನೆನಪಿದೆ,
ಅವತ್ತು ಅಪ್ಪ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ.
ನೀಲಸಂದ್ರದ ಒಂದೂವರೆ ಕೋಣೆ, ಖಾಲಿ ಮಾಡಿಸುವ ದಾವೆ.
ಕೂಗಿದನಂತೆ. ಇಳಿದನಂತೆ.
ಗೇಟಿನಲ್ಲಿ ನಿಂತು ಆ ಹೆಸರಿನ ಕೊನೆಯ ದೀರ್ಘವನ್ನು
ಉಸಿರಿರುವಷ್ಟು ಎಳೆದನಂತೆ.
ಪೆನ್ನು ಬರೆದಾದ ಹತ್ತು ನಿಮಿಷಕ್ಕೆ ಬಂದಳು.
ರಿಚ್ಮಂಡ್ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತು,
ಅಲ್ಲಿಂದ ನಡಿಗೆ, ಕೈಯಲ್ಲಿ ಪ್ಲಾಸ್ಟಿಕ್ ಕವರು,
ಕವರಲ್ಲಿ ಹನ್ನೊಂದು ವರ್ಷದ ಬಾಡಿಗೆ ಚೀಟಿ.

'ನನ್ನ ಹೆಸರು ಕರೆದ್ರಾ?'
'ಕರೆದೆ ತಾಯಿ, ಮೂರು ಸಲ.'
ಅವಳು ಜಗಳ ಆಡಲಿಲ್ಲ. ಬೆವರೊರೆಸಿಕೊಂಡು,
'ಕಯಾಮತ್ತಿನ ದಿನಾನೂ ಹೆಸರು ಕೂಗ್ತಾರೆ ಅಣ್ಣ,
ಅವತ್ತು ಎಲ್ಲಿದ್ರೂ ಕೇಳಿಸುತ್ತಂತೆ' ಅಂದಳು.
ಅಪ್ಪ ಅತ್ತಿತ್ತ ನೋಡಿ, ದಲಾಯತ ಹೇಳಬಾರದ್ದನ್ನು ಹೇಳಿದ:
'ಮೂವತ್ತು ದಿನ ಟೈಮಿದೆ. ವಕೀಲರನ್ನ ಹಿಡಿ.'
ಮುಂದೇನಾಯಿತೋ.
ಮೂವತ್ತೂ ದಿನ ಅವನ ಕಣ್ಣು ಗೇಟಿನ ಮೇಲೆಯೇ ಇತ್ತೆಂದು
ಚಹದ ಗಾಡಿಯವನು ಎಷ್ಟೋ ವರ್ಷದ ಮೇಲೆ ಹೇಳಿದ.

ಈಗ ನಾನು ಅದೇ ಕಟ್ಟಡದಲ್ಲಿ ತೀರ್ಪು ಟೈಪು ಮಾಡುತ್ತೇನೆ.
ಬೆರಳಿಗೆ ಅಭ್ಯಾಸವಾದ ಪದ, ಆದರೂ ಕೆಲವು ಸಂಜೆ ತಡೆಯುತ್ತದೆ.
ಸಾಲ ತೀರಿತು. ಡಬ್ಬದಲ್ಲಿ ಬೇಳೆ ತೀರಿತು.
ಎದುರು ಮನೆಯ ಮುದುಕಿ ತೀರಿಕೊಂಡಳು.
ಎಲ್ಲವೂ ಒಂದೇ ಬೇರಿನ ಚಿಗುರು.
ಸತ್ತವರಿಗೂ ಇದ್ದವರಿಗೂ ನ್ಯಾಯ ತೀರಿಸಲು ಬರುತ್ತಾನೆಂದು
ಭಾನುವಾರ ಎಲ್ಲರ ದನಿಗೆ ನನ್ನ ದನಿ ಸೇರಿಸುವಾಗ
ಯೋಚಿಸುತ್ತೇನೆ: ಬಂದವನು ನ್ಯಾಯ ಕೊಡುತ್ತಾನೋ,
ಬೇಳೆ ತೀರಿದ ಹಾಗೆ ಅದನ್ನೂ ಮುಗಿಸಿಬಿಡುತ್ತಾನೋ?
ಫಾದರನ್ನು ಕೇಳಿಲ್ಲ. ಅವರಿಗೂ ಮೊಣಕಾಲು ನೋವು.

ಮಾರ್ತಾಸ್ ಆಸ್ಪತ್ರೆಯ ವಾರ್ಡು. ರಾತ್ರಿ ಎರಡೂವರೆ.
'ಕರೆದು ನೋಡಿ, ಒಮ್ಮೊಮ್ಮೆ ಕೇಳಿಸುತ್ತೆ' ಅಂದಳು ನರ್ಸು,
ಡ್ರಿಪ್ಪಿನ ಬಾಟಲಿ ಬದಲಿಸುತ್ತ.
ಅಪ್ಪ, ಅಂದೆ.
ರೆಪ್ಪೆಯಲ್ಲಿ ಏನೋ ಅಲುಗಿತು, ಅಥವಾ ಟ್ಯೂಬ್‌ಲೈಟು ಮಿಟುಕಿತು.
ಇನ್ನಾಸಪ್ಪ, ಅಂದೆ, ಕೋರ್ಟಿನ ದನಿಯಲ್ಲಿ.
ಪಕ್ಕದ ಮಂಚದವರು ತಿರುಗಿ ನೋಡಿದರು.

ಆಮೇಲೆ ಎದ್ದು ಹೊರಗೆ ಬಂದೆ.
ಉದ್ದ ವರಾಂಡ, ಮೆಟ್ಟಿಲು, ಒದ್ದೆ ನೆಲ ಒರೆಸುವ ಹುಡುಗ,
ಗೇಟು, ಮಲಗಿದ ಆಟೋಗಳು, ನೃಪತುಂಗ ರಸ್ತೆ.
ಇನ್ನೂ ನಡೆಯುತ್ತಿದ್ದೇನೆ.
ಮೂರನೆಯದನ್ನು ಇನ್ನೂ ಕೂಗಿಲ್ಲ.