ಗರ್ವಾಲೆ, ಸೂರ್ಲಬ್ಬಿ, ನಡುವಿನ ಬೆಟ್ಟ

ಸೂರ್ಲಬ್ಬಿಯಲ್ಲಿ ಉತ್ತಯ್ಯ, ಗರ್ವಾಲೆಯಲ್ಲಿ ದೇಚಮ್ಮ.
ಬೆಳಗ್ಗೆ ಎಂಟೂವರೆಗೆ ಮಾಪಕದ ನೀರು ಸುರಿದು ನೋಡಿ
ಇಂಚು, ಸೆಂಟು ಬರೆಯುತ್ತಾರೆ.
ನಡುವೆ ಬೆಟ್ಟ. ಅಲ್ಲಿ ಬರೆಯುವವರಿಲ್ಲ.
ಅಲ್ಲಿ ಬಿದ್ದದ್ದೆಷ್ಟೆಂದು
ಮಡಿಕೇರಿಯಲ್ಲಿ ಕೂತು ನಾನು ಹೇಳಬೇಕು.

ಉತ್ತಯ್ಯನವರ ಕಣ್ಣಿಗೆ ಪೊರೆ; ಅವರ ಸೆಂಟುಗಳೆಲ್ಲ
ಐದಕ್ಕೋ ಹತ್ತಕ್ಕೋ ಹೋಗಿ ಕೂರುತ್ತವೆ.
ಮಾಪಕದ ಮೇಲೆ ಬೀಟೆಕೊಂಬೆ ಬೇರೆ,
ಒಮ್ಮೆ ಮಳೆ ತಡೆಯುತ್ತದೆ, ಒಮ್ಮೆ ತೊಟ್ಟಿಕ್ಕುತ್ತದೆ.
ತಪ್ಪು ಎಷ್ಟೆಂದು ನನಗೆ ಗೊತ್ತು,
ಯಾವ ಕಡೆಗೆಂದು ಗೊತ್ತಿಲ್ಲ.

ಅದಕ್ಕೇ ನನ್ನ ಗೆರೆ ಅವರ ಅಂಕಿಯನ್ನು ತುಳಿಯದೆ
ಪಕ್ಕದಲ್ಲಿ ಹಾದುಹೋಗುತ್ತದೆ,
ಹಿರಿಯರು ಕೂತಲ್ಲಿ ಬಗ್ಗಿ ನಡೆದ ಹಾಗೆ.
ಫೋನಿನಲ್ಲಿ ಅವರಿಗೆ ಸಿಟ್ಟು:
"ನಾ ಬರೆದದ್ದು ನಾಲ್ಕು ಇಂಚು ಇಪ್ಪತ್ತು.
ನಿನ್ನ ನಕ್ಷೆಯಲ್ಲಿ ಮೂರು ತೊಂಬತ್ತು.
ಮೂವತ್ತು ಸೆಂಟು ಕುಡಿದವರ್ಯಾರು?"

ದೇಚಮ್ಮನ ಪುಸ್ತಕದಲ್ಲಿ, ಜುಲೈ ಒಂಬತ್ತರ ಅಂಚಿನಲ್ಲಿ:
'ನಾಯಿ ತಾಗಿ ಚೆಲ್ಲಿತು. ಎರಡು ಚಮಚ ಇರಬಹುದು.'
ಆ ದಿನದ ಅಂಕಿಗೆ ತೂಕ ಇಳಿಸಿದೆ.
ವರ್ಷದ ಉಳಿದೆಲ್ಲ ದಿನಗಳಿಗೆ ಏರಿಸಿದೆ.

ಬೆಟ್ಟದ ಮೇಲೆ ಈಗ ಒಂದು ಸಂಖ್ಯೆಯಿದೆ.
ಪಕ್ಕದಲ್ಲೇ ಅದರ ಅನುಮಾನ,
ಎರಡು ಚಮಚಕ್ಕಿಂತ ತುಸು ಹೆಚ್ಚು.