ಉಣ್ಣೆಯ ಎಣ್ಣೆ

ಅಣ್ಣನ ಶೆಡ್ಡಿನ ಮೂಲೆಯಲ್ಲಿ ತೋಟಾ ಒತ್ತುವ ಯಂತ್ರ,
ಹಿಡಿಕೆ ಹನ್ನೊಂದು ವರ್ಷದಿಂದ ಎತ್ತಿದ ಕೈ.
ಮೇಲಿನ ಅಚ್ಚಿನೊಳಗೆ ಒಂದು ಹಿತ್ತಾಳೆ ಚಿಪ್ಪು
ಅಂಚು ಹರಿದು ಕಚ್ಚಿಕೊಂಡು ಕೂತಿದೆ,
ಕಿತ್ತ ಹಲ್ಲಿನ ಬೇರು ಒಸಡಲ್ಲೇ ಉಳಿದ ಹಾಗೆ.

ಬೆನ್ಯಾತ್ ಹೋದದ್ದು ಮಾರ್ಚಿಯಲ್ಲಿ.
ಬಿಗ್‌ಹಾರ್ನ್ ಬೆಟ್ಟದ ನೆತ್ತಿಗೆ ಆಗಿನ್ನೂ ಹಿಮ.
ಈಗ ಅಕ್ಟೋಬರ್. ಅವನ ಮಗಳು ಇದೋಯ
ಎಲ್ಕ್ ಬೇಟೆಯ ಪರವಾನಗಿ ಹಿಡಿದು ಬಾಗಿಲಲ್ಲಿ ನಿಂತಳು:
"ಅತ್ತೆ, ಅಪ್ಪನ ಬಂದೂಕಿಗೆ ಅಪ್ಪನ ತೋಟಾನೇ ಬೇಕು."
ಅಂಗಡಿಯಲ್ಲಿ ಸಿಗುತ್ತಲ್ಲ ಅಂದೆ. ಕೇಳಲಿಲ್ಲ.
ಹನ್ನೊಂದು ವರ್ಷ ಅವನೂ ಅಂಗಡಿಯದ್ದೇ ಹೊಡೆದದ್ದು
ಅವಳಿಗೆ ಗೊತ್ತಿಲ್ಲ.

ಅವತ್ತು ಬೆಳಿಗ್ಗೆ ಅವನು ಕುರಿ ಮಾರಿದ್ದ.
ಆರುನೂರು ಕುರಿ, ಮೂರು ಲಾರಿ, ನನಗೊಂದು ಮಾತಿಲ್ಲ.
ರಾತ್ರಿ ಯಂತ್ರದ ಮುಂದೆ ಕೂತಿದ್ದ, ಬೆನ್ನು ಮಾಡಿ.
"ಜಿಡ್ಡು ಹಚ್ಚಿದೆಯಾ?" ಅಂದೆ.
"ಹಚ್ಚಿದೆ."
ತಟ್ಟೆಯಲ್ಲಿ ಚಿಪ್ಪುಗಳು ಇನ್ನೂ ಹಸಿ,
ಸ್ಪಿರಿಟ್ಟಿನ ವಾಸನೆ ಬಾಗಿಲ ತನಕ.
ಸ್ಪಿರಿಟ್ ಹಾರಿಹೋಗಬೇಕು, ಜಿಡ್ಡು ಉಳಿಯಬೇಕು,
ಅದಕ್ಕೆ ಹತ್ತು ನಿಮಿಷ.
ಹಿತ್ತಾಳೆಗೂ ತಾಳ್ಮೆ ಬೇಕು ಅಂತ ನಮ್ಮಪ್ಪ ಅನ್ನುತ್ತಿದ್ದ.
ಬೆನ್ಯಾತ್ ಹಿಡಿಕೆ ಒತ್ತಿದ. ಹೋಯಿತು.
ಎತ್ತಿದ. ಬರಲಿಲ್ಲ.
ಮೈಯ ಭಾರವೆಲ್ಲ ಹಾಕಿ ಎತ್ತಿದ.
ಟಕ್ ಅಂತು.
ಆಮೇಲೆ ಅವನು ಬಾಸ್ಕ್ ಭಾಷೆಯಲ್ಲಿ ಅಂದ ಮಾತು
ಅಮ್ಮ ಬದುಕಿದ್ದರೆ ಅವನ ಬಾಯಿಗೆ ಸೋಪು ಹಾಕುತ್ತಿದ್ದಳು.

ಆ ಬೆಂಚಿಗೆ ಅವನು ಮತ್ತೆ ಕೂರಲಿಲ್ಲ.
ನಾನು ಕುರಿಯ ಮಾತೆತ್ತಲಿಲ್ಲ.
ಒಂದೇ ಮೇಜಿನಲ್ಲಿ ಉಂಡೆವು, ಉಪ್ಪು ಕೊಡು ಅಂದೆವು.

ಈಗ ಬೋಲ್ಟು, ಡ್ರಿಲ್ಲು, ಅಗಲದ ವಾಷರು.
ಒಳಗಿನ ಕಡ್ಡಿ ಮೇಲೆ ಸರಿಸಿ
ಬುಡದ ತೂತಿಗೆ ಡ್ರಿಲ್ ಇಳಿಸಿ ಮರೆ ಕೊರೆದೆ.
ಬೋಲ್ಟು ಬಿಗಿದು ಕಾಲು ಸುತ್ತು. ಕಾಲು ಸುತ್ತು.
ಮೊಣಕೈ ನಡುಗಿತು. ಮತ್ತೆ ಕಾಲು.
ಒಮ್ಮೆಲೇ ಕಿರ್ರೆಂದು
ಅಂಗೈಗೆ ಬಂತು, ತಣ್ಣಗೆ, ಹಗುರಕ್ಕೆ.
ಇಷ್ಟು ಹಗುರದ್ದಕ್ಕೆ ಹನ್ನೊಂದು ವರ್ಷ.
ದೀಪಕ್ಕೆ ಹಿಡಿದು ನೋಡಿದೆ:
ಬುಡದ ಹತ್ತಿರ, ಬೆಂಕಿಗೆ ಹೆಚ್ಚು ಉಬ್ಬುವ ಕಡೆ,
ಗೀರೇ ಗೀರು.

ಜಿಡ್ಡಿಗೆ ಪೇಟೆಗೆ ಹೋಗಿದ್ದೆ.
ಕುರಿಯ ಉಣ್ಣೆಯಿಂದ ತೆಗೆದ ಹಳದಿ ಮೇಣ,
ಔಷಧಿ ಅಂಗಡಿಯಲ್ಲಿ ಬಾಣಂತಿಯರಿಗೆ ಮಾರುತ್ತಾರೆ,
ಮೊಲೆತೊಟ್ಟಿನ ಬಿರುಕಿಗೆ.
ಗಲ್ಲಾದ ಹುಡುಗಿ ನನ್ನ ನರೆಗೂದಲು ನೋಡಿ
"ಅಜ್ಜಿಯಾದಿರಾ? ಶುಭಾಶಯ" ಅಂದಳು.
"ಐವತ್ತನಾಲ್ಕು ಕೂಸು" ಅಂದೆ.

ಒಂದು ಪಾಲು ಮೇಣಕ್ಕೆ ಹತ್ತು ಪಾಲು ಸ್ಪಿರಿಟ್.
ಕುಲುಕಿ, ಚೀಲದಲ್ಲಿ ಚಿಪ್ಪುಗಳ ಜೊತೆ ಹೊರಳಿಸಿ,
ತಟ್ಟೆಗೆ ಸುರಿದು, ಕಾದೆವು.
ಬೆರಳು ಮೂಸಿದೆ.
ಜೂನಿನ ಉಣ್ಣೆ ಕತ್ತರಿಸುವ ಕೊಟ್ಟಿಗೆ,
ಅಣ್ಣನ ಮೊಣಕಾಲ ನಡುವೆ ಒದೆಯುವ ಕುರಿ,
ನಮ್ಮಿಬ್ಬರ ಕೈಯೂ ಮಗುವಿನ ಕೆನ್ನೆಯಂತೆ ನುಣುಪು.
ಆರುನೂರರಲ್ಲಿ ಒಂದಾದರೂ ಈ ಡಬ್ಬಿಯೊಳಗೆ...
ಇಲ್ಲ, ಅದೆಲ್ಲ ಹುಚ್ಚು.

"ಜಾಸ್ತಿ ಹಚ್ಚಿದರೆ ಒಳ್ಳೇದಲ್ವಾ?" ಅಂತಾಳೆ ಇದೋಯ.
ಜಾಸ್ತಿಯಾದರೆ ಹೆಗಲು ಕುಸಿಯುತ್ತದೆ, ನೋಡು,
ಉಗುರೊತ್ತಿದಂಥ ಗುಳಿ.
ಕಡಿಮೆಯಾದರೆ,
ಏಪ್ರನ್ ಜೇಬಿನಲ್ಲಿ ಬೋಲ್ಟು ಸಮೇತ ಅದು ಇತ್ತು,
ತೋರಿಸಲಿಲ್ಲ.

ಅವಳು ಹಿಡಿಕೆ ಒತ್ತಿದಳು. ಹೋಯಿತು.
ಇಬ್ಬರೂ ಉಸಿರು ಹಿಡಿದೆವು.
ಎತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.
"ಇಷ್ಟೇನಾ?"
"ಇಷ್ಟೇ. ಒರೆಸು. ಜಿಡ್ಡಿನ ಸಮೇತ ಕೋವಿಗೆ ಹೋಗಬಾರದು."

ಎರಡನೇ ತಟ್ಟೆ ಆರಲು ಇನ್ನೂ ಹತ್ತು ನಿಮಿಷ.
ಈಗ ಕುರಿಗಳ ಕಥೆ ಹೇಳಿಬಿಡೋಣ,
ಎಣ್ಣೆ ಬಂದಾಗ ಕಣ್ಣು ಮುಚ್ಚೋದು ಬೇಡ ಅಂದುಕೊಂಡೆ.
ಬಾಯಿ ತೆರೆದೆ.
ಬಂದದ್ದು ಇಷ್ಟು:
ಬುಡಕ್ಕೆ, ಮಗಳೇ. ಬುಡಕ್ಕೆ ಮರೀದೆ ಹಚ್ಚು.