ಹತ್ತು

ಕುಂಬಳೆಯ ಈ ಬದಿಯ ಒಂದೊಂದು ಹಿತ್ತಿಲೂ
ನನಗೆ ಮೇಲಿನಿಂದ ಗೊತ್ತು.
ಯಾರ ಹಂಚು ಒಡೆದಿದೆ, ಯಾರ ಬಾವಿಗೆ ಬಲೆಯಿಲ್ಲ,
ಯಾರು ಮಧ್ಯಾಹ್ನ ಒಬ್ಬರೇ ಕೂತು ಅಳುತ್ತಾರೆ,
ಕಂಡಿದ್ದೇನೆ, ಹೇಳಿಲ್ಲ.
ಮರ ಹತ್ತುವವನಿಗೆ ಬಾಯಿ ಇರಬಾರದು,
ಅಪ್ಪ ಕತ್ತಿಯ ಜೊತೆ ಕೊಟ್ಟ ಮಾತು.

ಕಾಣದೆ ಉಳಿದದ್ದು ನನ್ನದೇ ಬೆನ್ನು.

ಅದನ್ನು ತೋರಿಸಿದವಳು ರಂಸೀನ,
ಕಾಸರಗೋಡು ಆಸ್ಪತ್ರೆಯ ಫಿಸಿಯೋ ಹುಡುಗಿ.
ಉದ್ದ ಹಿಡಿಯ ಕನ್ನಡಿಯೊಂದನ್ನು ಕೈಗಿಟ್ಟು
"ದಿನಾ ನೋಡಬೇಕು ಐತಪ್ಪೇಟ್ಟಾ,
ಚರ್ಮ ಕೆಂಪಾದರೆ ನಿಮಗೆ ಗೊತ್ತಾಗುವುದಿಲ್ಲ"
ಅಂದಳು ಅವಳ ಮುರುಕು ಕನ್ನಡದಲ್ಲಿ.
ಹೌದು, ಸೊಂಟದ ಕೆಳಗಿನ ಸುದ್ದಿ ಈಗ ತಾನಾಗಿ ಬರುವುದಿಲ್ಲ,
ಕಣ್ಣೇ ಹೋಗಿ ತರಬೇಕು.
ಓರೆ ಮಾಡಿ ಹಿಡಿದೆ.
ಪರಿಚಯವಿಲ್ಲದ ಯಾರದೋ ಬೆನ್ನು,
ತೆಂಗಿಗೆ ಕಡಿದ ಕಚ್ಚುಗಳ ಹಾಗೆ
ಒಂದರ ಮೇಲೊಂದು ಹೊಲಿಗೆಯ ಗುರುತು.
ಹನ್ನೊಂದು. ಎಣಿಸಿದೆ.

ನಲವತ್ತೆರಡು ಅಡಿ ಇತ್ತು ಆ ಮರ.
ಈಗಿನ ಲೆಕ್ಕ ಮಂಚದಿಂದ ಗಾಲಿಕುರ್ಚಿಗೆ
ಒಂದೂವರೆ ಅಡಿ, ನಡುವೆ ಒಂದು ಹಲಗೆ.
ಅಂಗೈ ಊರಿ, ಕುಂಡೆ ಎತ್ತಿ, ಜಾರಬೇಕು.
ಮೊದಲ ದಿನ ಬ್ರೇಕು ಹಾಕಿರಲಿಲ್ಲ,
ಕುರ್ಚಿ ಬಾಗಿಲ ತನಕ ಓಡಿತು, ನಾನು ಚಾಪೆಯ ಮೇಲೆ.
ಸುಗಂಧಿ ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡಳು.
"ಬೀಳುವುದರಲ್ಲೂ ಎತ್ತರ ಕಡಿಮೆಯಾಯಿತು ನೋಡು" ಅಂದೆ.

ರಾತ್ರಿ ಎರಡು ಗಂಟೆಗೊಮ್ಮೆ ಮೊಬೈಲು ಕೂಗುತ್ತದೆ.
ನೀರುದೋಸೆಯನ್ನು ಯಾರೂ ಮಗುಚುವುದಿಲ್ಲ,
ನನ್ನನ್ನು ಮಗುಚಬೇಕು.
ಬೆಳಿಗ್ಗೆ ಐದಕ್ಕೆ ಅವಳು ಮೀನು ಶೆಡ್ಡಿಗೆ ಹೋಗುವಾಗ
ಯಾರು ಹೆಚ್ಚು ಮಲಗಿದೆವೆಂದು ಜಗಳವಿಲ್ಲ.

ಸರಳು ಹಿಡಿದು ಮೈಯೆತ್ತುವ ಹೊತ್ತಿಗೆ
ರಂಸೀನ ಮಲಯಾಳದಲ್ಲಿ ಎಣಿಸುತ್ತಾಳೆ:
ಒನ್ನ್, ರಂಡ್, ಮೂನ್ನ್...
ಒಂಬತ್ತರಲ್ಲಿ ತೋಳು ನಡುಗಿ, ಬಿಟ್ಟೆ ಅನ್ನುವಾಗ
"ಪತ್ತ್" ಅನ್ನುತ್ತಾಳೆ.
ಅವಳಿಗದು ಬರೀ ಸಂಖ್ಯೆ.
ನನ್ನ ತುಳು ಕಿವಿಗೆ: ಹಿಡಿ.
ಹಿಡಿಯುತ್ತೇನೆ.

ಮನೆಯಲ್ಲಿ ಎಣಿಸುವವಳು ಮಗಳು,
ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸು.
ಏಳು, ಎಂಟು, ಒಂಬತ್ತು ನೆಟ್ಟಗೆ ಬಂದು
ಅಲ್ಲಿಗೆ ನಿಲ್ಲುತ್ತದೆ.
ಅವಳ ಕಣ್ಣು ಗೋಡೆಗೆ ತೂಗಿದ ತಳೆಯ ಮೇಲೆ.
ಆ ಶಬ್ದ ನನಗೆ ಹೇಳಬಾರದೆಂದು
ಯಾರು ಕಲಿಸಿದರೋ, ಟೀಚರಂತೂ ಅಲ್ಲ.
ನುಂಗಿಕೊಂಡು "ಇನ್ನೊಂದು" ಅನ್ನುತ್ತಾಳೆ.
ಹಾಗಾಗಿ ಮನೆಯಲ್ಲಿ ನನ್ನ ಲೆಕ್ಕ ಮುಗಿಯುವುದೇ ಇಲ್ಲ:
ಇನ್ನೊಂದು, ಅಪ್ಪಾ, ಇನ್ನೊಂದು.

ಸಂಜೆ ಕನ್ನಡಿ ಅವಳ ಕೈಗೆ ಹೋಗುತ್ತದೆ.
ಕಿಟಕಿಯಾಚೆ ಕೋಲು ಚಾಚಿ, ತಿರುಗಿಸಿ,
ಪಕ್ಕದ ಮನೆಯ ತೆಂಗಿನ ತುದಿಯನ್ನು
ನನ್ನ ಮಂಚಕ್ಕೆ ತರುತ್ತಾಳೆ.
ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ ಹಿಡಿ.
ಮೂಡು ಬದಿಯ ಗೊನೆ ಬಲಿತಿದೆ,
ಒಣಗಿದ ಮಡಲೊಂದು ಸಡಿಲಾಗಿದೆ.
ಹೋಗಿ ಹೇಳಿ ಬಾ ಅವರಿಗೆ,
ಬಟ್ಟೆ ಒಗೆಯುವ ಕಲ್ಲನ್ನು ಅತ್ತ ಸರಿಸಲಿ,
ಅದರ ಕೆಳಗೆ ಯಾರೂ ನಿಲ್ಲುವುದು ಬೇಡ.